ಒಂಟಿ ರಸಿಕ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳು ಇಂದು 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಗೆ ಸೇರಿವೆ. ಮಳೆಯನ್ನೇ ನೆಚ್ಚಿದ ಹೊಲಗಳು ಹೆಚ್ಚಾಗಿರುವ ಈ ಸೀಮೆಯಲ್ಲಿ ಸುಗ್ಗಿ ಮುಗಿದು ಜನರ ಕೈ ಬಿಡುವಾಯಿತೆಂದರೆ ಹಿಂದೆ ಊರೂರುಗಳಲ್ಲಿ ಬಯಲಾಟದ ತಾಲೀಮು ಆರಂಭವಾಗುತ್ತಿತ್ತು. ಇಲ್ಲಿಯ ಬಯಲಾಟಕ್ಕೆ ದೊಡ್ಡಾಟವೆಂದು ಹೆಸರು. ಕರಾವಳಿಯ ಯಕ್ಷಗಾನವು ಪಡುವಲಪಾಯವಾದರೆ ಇದು ಮೂಡಲಪಾಯದ ಬಳಗಕ್ಕೆ ಸೇರಿದ್ದು.

ದೊಡ್ಡಾಟದ ಮೇಳದಲ್ಲಿ ಕಲೆಯಿಂದಲೇ ಜೀವಿಸುವವರು ವಿರಳ. ಹಗಲು ನೇಗಿಲು ಹಿಡಿದವನೇ ಇರುಳು ಕರ್ಣನಾಗುತ್ತಾನೆ. ಕುರಿ ಕಾಯುವವನು ಬಾಣಾಸುರನಾಗುತ್ತಾನೆ. ಆಟ ಕಲಿಸುವ ಮಾಸ್ತರರು ಕೈಬರಹದ ಪುಸ್ತಕವನ್ನು ಮುಂದಿಟ್ಟುಕೊಂಡು ತಿಂಗಳುಗಟ್ಟಲೆ ಪದ, ಮಾತು, ಕುಣಿತಗಳನ್ನು ಹೇಳಿಕೊಡುತ್ತಾರೆ. ಅಕ್ಷರ ಬಾರದವನೂ ಸಂಸ್ಕೃತ ಪದಗಳಿಂದ ಕಿಕ್ಕಿರಿದ ಉದ್ದುದ್ದನೆಯ ಮಾತುಗಳನ್ನು ಕೇಳಿ ಕೇಳಿಯೇ ಕಂಠಪಾಠ ಮಾಡುತ್ತಾನೆ. ಖರ್ಚಿನ ಹಣವನ್ನು ಬಹುಮಟ್ಟಿಗೆ ಪಾತ್ರಧಾರಿಗಳೇ ಕೂಡಿಸುತ್ತಾರೆ. ತಾನೇ ಹಣ ಕೊಟ್ಟು ತಾನೇ ಕುಣಿಯುವ ಇಂತಹ ಪ್ರೀತಿ ಬೇರೆಲ್ಲಿ ಕಂಡೀತು! ಊರ ಬಯಲಿನಲ್ಲಿ ಹಲಗೆ ಹಾಸಿ ಎತ್ತರಕ್ಕೆ ಕಟ್ಟಿದ ಅಟ್ಟ. ಅದರ ಮೇಲೆ ಕಿರೀಟ, ಭುಜಕೀರ್ತಿ, ಗೆಜ್ಜೆಗಳ ರಾಜವೇಷ. ಹಿಂದೆ ಮದ್ದಳೆ, ತಾಳ, ಹಾರ್ಮೋನಿಯಂಗಳ ಹಿಮ್ಮೇಳ. ಭಾಗವತರ ಪದ ಮುಗಿದೊಡನೆ ವೀರನ ಹೆಜ್ಜೆ ಹಲಗೆಯ ಮೇಲೆ ಬಿದ್ದರೆ ಆ ಸದ್ದು ಕತ್ತಲೆಯಲ್ಲಿ ಬಹುದೂರ ಕೇಳುತ್ತದೆ. ಸಾರಥಿಯು ನಡುನಡುವೆ ರಾಜನನ್ನೇ ಪ್ರಶ್ನಿಸಿ ನಗಿಸುತ್ತಾನೆ. ಹೀಗೆ ಬೆಳಗಾಗುತ್ತದೆ.

ಬೆಳಗಾದ ಮೇಲೂ ಆಟ ಮುಗಿಯುತ್ತಿರಲಿಲ್ಲವೆಂಬುದು ಮುಖ್ಯವಾದ ಸಂಗತಿ. ಮರುದಿನ ಊರ ಕಟ್ಟೆಯ ಮೇಲೆ, ಚಹಾದಂಗಡಿಯ ಮುಂದೆ ಅದೇ ಮಾತು. ಈ ಸಲದ ಕರ್ಣ ಹೋದ ವರ್ಷದ ಕರ್ಣನಷ್ಟು ಕುಣಿಯಲಿಲ್ಲವೆಂದು ಒಬ್ಬನು. ಕುಣಿಯದಿದ್ದರೇನು, ಮಾತಿನ ಗತ್ತು ನೋಡಿದೆಯಾ ಎಂದು ಇನ್ನೊಬ್ಬನು. ಮದ್ದಳೆಯವನು ಎಲ್ಲಿ ತಾಳ ತಪ್ಪಿ ಹೇಗೆ ಸರಿಪಡಿಸಿಕೊಂಡನೆಂಬುದನ್ನು ಹೇಳಬಲ್ಲ ಮುದುಕರಿದ್ದರು. ಕಣ್ಣು ಕಂಡ ಸುಖವನ್ನು ಬಾಯಿ ಆಡಿ ಪೂರ್ತಿ ಮಾಡುತ್ತಿತ್ತು.

ಟಾಕೀಸು ಬಂದಿತು, ದೂರದರ್ಶನ ಬಂದಿತು, ಈಗ ಅಂಗೈಯಲ್ಲಿ ಫೋನು ಬಂದಿದೆ. ದೊಡ್ಡಾಟವು ಇವುಗಳಿಂದ ಸಾಯಲಿಲ್ಲ. ಇಂದಿಗೂ ಹಬ್ಬ ಜಾತ್ರೆಗಳಲ್ಲಿ ಆಟವಾಡುವ ಊರುಗಳುಂಟು. ಆದರೆ ಮರುದಿನದ ಮಾತು ಬಹಳ ಕಡೆ ನಿಂತುಹೋಯಿತು. ಅದರಲ್ಲಿಯೂ ಎಳೆಯರಲ್ಲಿ ಆ ಮಾತಿಗೆ ಜೊತೆ ಸಿಗುವುದಿಲ್ಲ. ಹದಿನೈದು ವರ್ಷದ ಹುಡುಗನೊಬ್ಬನು ಅಜ್ಜನ ಮಗ್ಗುಲಲ್ಲಿ ಕುಳಿತು ಆಟದ ಹುಚ್ಚು ಹಿಡಿಸಿಕೊಂಡಿದ್ದಾನೆಂದು ಭಾವಿಸೋಣ. ಅವನು ಪಟ್ಟಣದ ವಿದ್ಯಾರ್ಥಿನಿಲಯಕ್ಕೆ ಸೇರುತ್ತಾನೆ. ಅಲ್ಲಿ ಎಲ್ಲರಿಗೂ ಹೊಸ ಚಲನಚಿತ್ರದ ಹಾಡು ಬರುತ್ತದೆ, ಕ್ರಿಕೆಟ್ಟಿನ ಲೆಕ್ಕ ಬರುತ್ತದೆ. ಇವನಿಗೆ ಬರುವುದು ಬಾಣಾಸುರನ ಒಡ್ಡೋಲಗದ ಮಾತು. ಗೆಳೆಯರು ಅಣಕಿಸಿದರೆ ಅದೂ ಒಂದು ಬಗೆಯ ಮಾತಾದೀತು. ಜಗಳವಾಡಿಯಾದರೂ ತನ್ನ ಮೆಚ್ಚುಗೆಯನ್ನು ಹೇಳಿಕೊಳ್ಳಬಹುದು. ಅವರು ಅಣಕಿಸುವುದಿಲ್ಲ, ಒಮ್ಮೆ ಕೇಳಿ ಬೇರೆ ಮಾತಿಗೆ ಹೊರಳುತ್ತಾರೆ. ಹತ್ತಾರು ಜನರ ನಡುವೆ ಊಟಕ್ಕೆ ಕುಳಿತಾಗಲೂ ಆ ಹುಡುಗ ಒಬ್ಬನೇ.

ಸಂಸ್ಕೃತದ ಕಾವ್ಯಮೀಮಾಂಸಕರು ರಸಿಕನನ್ನು ಸಹೃದಯನೆಂದು ಕರೆದರು. ಆ ಶಬ್ದದ ಒಡಲಿನಲ್ಲಿಯೇ ಜೊತೆಯಿದೆ. ನಾಟಕಕಾರನಾದ ಭವಭೂತಿಯೂ ‘ಮಾಲತೀಮಾಧವ’ದ ಮೊದಲಲ್ಲಿ ತನ್ನಂತಹ ಮನೋಧರ್ಮದವನೊಬ್ಬನು ಎಂದಾದರೂ ಹುಟ್ಟಿಬಂದಾನೆಂದು ನಿರೀಕ್ಷಿಸುತ್ತಾನೆ. ಗ್ರಂಥ ಬರೆದಿಟ್ಟ ಕವಿ ಶತಮಾನಗಳವರೆಗೆ ಕಾಯಬಲ್ಲ. ಒಂಬತ್ತನೆಯ ತರಗತಿಯ ಹುಡುಗ ಅಷ್ಟು ದಿನ ಕಾಯಲಾರ.

ಈ ಏಕಾಂತಕ್ಕೆ ಅಂಜಿ ತನ್ನ ಮೆಚ್ಚುಗೆಯನ್ನೇ ಬಚ್ಚಿಟ್ಟು, ಹತ್ತು ಜನ ಹೊಗಳಿದ್ದನ್ನೇ ತಾನೂ ಹೊಗಳುವವರು ಹಲವರು. ಇನ್ನು ಕೆಲವರ ದಾರಿ ಇದಕ್ಕೆ ವಿರುದ್ಧವಾದುದು. ‘ಈ ಜನಕ್ಕೇನು ತಿಳಿದೀತು’ ಎಂದು ಅವರು ತಮ್ಮ ರುಚಿಯನ್ನೇ ಕಿರೀಟವಾಗಿ ಧರಿಸುತ್ತಾರೆ. ನನ್ನ ಎಣಿಕೆಯಲ್ಲಿ ಎರಡನೆಯದೇ ಹೆಚ್ಚು ಕೇಡಿನದು. ಏಕೆಂದರೆ ಕುತೂಹಲದಿಂದ ಹತ್ತಿರ ಬಂದು ‘ಅದೇನು, ಹೇಳು’ ಎನ್ನಬಹುದಾಗಿದ್ದ ಒಬ್ಬನನ್ನೂ ಅದು ದೂರ ಮಾಡುತ್ತದೆ.

ಓದಿದವರಲ್ಲಿ ಅನೇಕರು ಬಯಲಾಟವನ್ನು ಹಳ್ಳಿಗರ ಕಾಲಹರಣವೆಂದು ಕಡೆಗಣಿಸಿದ್ದ ಕಾಲದಲ್ಲಿ ಶಿವರಾಮ ಕಾರಂತರು ಕರಾವಳಿಯ ಆಟದ ಬೆನ್ನು ಹತ್ತಿದರು. ಹಳೆಯ ಪ್ರತಿಗಳನ್ನು ಹುಡುಕಿದರು, ಹಿರಿಯ ಭಾಗವತರನ್ನು ಕಂಡು ಕೇಳಿದರು. ಅವರ ‘ಯಕ್ಷಗಾನ ಬಯಲಾಟ’ ಗ್ರಂಥಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಮೂಡಲಪಾಯಕ್ಕಾಗಿ ಜೀ. ಶಂ. ಪರಮಶಿವಯ್ಯನವರು ದುಡಿದರು. ಇಂಥವರಿಗೆ ಜನ ದೊರೆತದ್ದು ಹುಡುಕುತ್ತ ನಡೆದದ್ದರಿಂದ.

ಜನವೆಂದರೆ ಗುಂಪೇ ಆಗಬೇಕಾಗಿಲ್ಲ. ಯೂರೋಪಿನ ಹಂಗೆರಿ ದೇಶದಲ್ಲಿ ಬೇಲಾ ಬಾರ್ತೋಕ್ ಮತ್ತು ಜೋಲ್ಟಾನ್ ಕೊಡಾಯ್ ಎಂಬ ಇಬ್ಬರು ತರುಣ ಸಂಗೀತಗಾರರಿದ್ದರು. ನಗರದ ಸಭೆಗಳಿಗೆ ಬೇಡವಾಗಿದ್ದ ಒಕ್ಕಲಿಗರ ಹಾಡುಗಳು ಇವರಿಬ್ಬರಿಗೂ ಬೇಕಾಗಿದ್ದವು. 1905ರಲ್ಲಿ ಇವರ ಪರಿಚಯವಾಯಿತು. ಬಳಿಕ ಮೇಣದ ಉರುಳೆಯ ಮೇಲೆ ಧ್ವನಿ ಮುದ್ರಿಸುವ ಯಂತ್ರವನ್ನು ಹೊತ್ತು ಹಳ್ಳಿಹಳ್ಳಿ ಅಲೆದರು. 1906ರಲ್ಲಿ ಇಪ್ಪತ್ತು ಹಾಡುಗಳ ಪುಸ್ತಕವನ್ನು ಕೂಡಿ ಪ್ರಕಟಿಸಿದರು. ಅದರ ಪ್ರತಿಗಳು ಮಾರಾಟವಾಗಲು ದಶಕಗಳೇ ಹಿಡಿದವು. ಕೊಳ್ಳುವವರಿಲ್ಲದಿದ್ದರೂ ಅವರ ಕೆಲಸ ನಿಲ್ಲಲಿಲ್ಲ. ಒಬ್ಬನ ಮಾತಿಗೆ ಕಿವಿಯಾಗಲು ಇನ್ನೊಬ್ಬನಿದ್ದನು.

ನಮ್ಮ ಸೀಮೆಯಿಂದ ಕೂಲಿಗಾಗಿ ಬೆಂಗಳೂರಿಗೂ ಮಲೆನಾಡಿನ ಕಾಫಿ ತೋಟಗಳಿಗೂ ಹೋಗುವವರು ಬಹಳ. ಅಂಥವರು ತಮ್ಮೂರ ಆಟವನ್ನು ಫೋನಿನಲ್ಲಿ ತುಂಬಿಕೊಂಡು, ಇರುಳು ಮಲಗುವ ಮುನ್ನ ಕಿವಿಗೆ ತಂತಿ ಸಿಕ್ಕಿಸಿಕೊಂಡು ಕೇಳಬಹುದು. ಪದ ಕೇಳುತ್ತದೆ, ಗೆಜ್ಜೆ ಕೇಳುತ್ತದೆ. ಪಕ್ಕದಲ್ಲಿ ಮಲಗಿದವನಿಗೆ ಮಾತ್ರ ಏನೂ ಕೇಳುವುದಿಲ್ಲ. ಊರೆಲ್ಲ ಕೂಡಿ ನೋಡುತ್ತಿದ್ದ ಕಲೆಯನ್ನು ಒಂದು ಕಿವಿಗೆ ಅಳವಡಿಸಿದ ಯಂತ್ರದ ಚಮತ್ಕಾರ ವಿಚಿತ್ರವಾದುದು. ಅದೇ ಯಂತ್ರ ಹರಪನಹಳ್ಳಿಯ ಕಡೆಯ ಆಟದ ಸುದ್ದಿಯನ್ನು ಹಡಗಲಿಯ ಕಡೆಯವನಿಗೆ ಕ್ಷಣದಲ್ಲಿ ಮುಟ್ಟಿಸುತ್ತದೆಂಬುದೂ ನಿಜ.

ಆಟದ ರಾತ್ರಿ ಅಟ್ಟದ ಮುಂದೆ ಕುಳಿತವರನ್ನು ಗಮನಿಸಿ. ಹೆಚ್ಚಿನವರ ಕಣ್ಣು ಕುಣಿಯುವ ರಾಜನ ಮೇಲಿರುತ್ತದೆ. ಹಿಮ್ಮೇಳದ ಬದಿಗೆ ಸರಿದು ಕುಳಿತ ಬೇರೂರಿನ ಹುಡುಗನೊಬ್ಬನು ಮದ್ದಳೆಯವನ ಬೆರಳನ್ನೇ ನೋಡುತ್ತಿರಬಹುದು. ಅಲ್ಲಿಯೇ ಕಂಬಳಿ ಹೊದ್ದು ಕುಳಿತ ಮುದುಕನೊಬ್ಬನು ಅದನ್ನು ಕಂಡು, ತುಸು ಜರುಗಿ ಜಾಗ ಮಾಡಿಕೊಡುತ್ತಾನೆ. ‘ಯಾವೂರಪ್ಪಾ ತಮ್ಮಾ?’ ಎಂದು ಕೇಳುತ್ತಾನೆ. ಹುಡುಗನು ಊರ ಹೆಸರು ಹೇಳುತ್ತಾನೆ. ಆಮೇಲೆ ಮಂಗಳ ಹಾಡುವವರೆಗೂ ಅವರ ನಡುವೆ ನಡೆಯುವುದು ತಾಳದ ಮಾತೇ.