ಬಸ್ಸಿನ ಮೆಟ್ಟಿಲಷ್ಟು ಎತ್ತರ

ಮೈಸೂರಿನಲ್ಲಿ ಮನೆಮನೆಗೆ ಹೋಗಿ ಫಿಸಿಯೋಥೆರಪಿ ಮಾಡುವುದು ನನ್ನ ಕೆಲಸ. ಸರಸ್ವತಿಪುರಂ, ಕುವೆಂಪುನಗರದ ಕಡೆ ನಾನು ಹೋಗುವ ಮನೆಗಳಲ್ಲಿ ಒಬ್ಬಂಟಿ ಹಿರಿಯರೇ ಹೆಚ್ಚು. ಮಂಡಿ, ಸೊಂಟ ನೋಡಲು ಹೋದವಳು ಕಲಿತದ್ದು ಬೇರೆಯೇ.

1. ‘ಊಟ ಆಯ್ತಾ’ ಅಂತ ಕೇಳಿ ಪ್ರಯೋಜನವಿಲ್ಲ. ‘ಆಯ್ತಮ್ಮ’ ಬಿಟ್ಟರೆ ಬೇರೆ ಉತ್ತರ ನಾನು ಕೇಳಿಲ್ಲ. ‘ಇವತ್ತೇನು ಸಾರು?’ ಅನ್ನಬೇಕು. ಒಬ್ಬರಿಗೋಸ್ಕರ ಒಲೆ ಹಚ್ಚಲು ಬೇಸರ. ಸೋಮವಾರದ ಸಾರೇ ಬುಧವಾರಕ್ಕೂ, ರಾತ್ರಿಗೆ ಹಾಲು-ಬ್ರೆಡ್ಡು. ಬೇಳೆ, ಕಾಳು, ಮೊಟ್ಟೆ ತಟ್ಟೆಗೆ ಬರದಿದ್ದರೆ ತೊಡೆ ಸೊರಗುತ್ತದೆ, ಕುರ್ಚಿಯಿಂದ ಏಳಲು ಕೈಯೂರಬೇಕಾಗುತ್ತದೆ. ಆಗ ನನ್ನ ವ್ಯಾಯಾಮವೂ ಅಷ್ಟಕ್ಕಷ್ಟೇ. ಒಂದೇ ಬೀದಿಯ ಇಬ್ಬರು ಅಜ್ಜಿಯರು ಈಗ ಒಬ್ಬರು ಸಾರು, ಒಬ್ಬರು ಪಲ್ಯ ಮಾಡಿ ಬದಲಾಯಿಸಿಕೊಳ್ಳುತ್ತಾರೆ. ‘ಅವಳ ಕೈಯಲ್ಲಿ ಉಪ್ಪು ಜಾಸ್ತಿ ಕಣೇ’ ಅಂತ ಇಬ್ಬರದೂ ನನ್ನ ಹತ್ತಿರ ದೂರು. ಇಬ್ಬರೂ ಮೈ ತುಂಬಿಕೊಂಡಿದ್ದಾರೆ.

2. ಒಳಗಿನಿಂದ ಚಿಲಕ ಹಾಕಿಕೊಂಡರೆ ಪಕ್ಕದ ಮನೆಗೆ ಕೊಟ್ಟ ಬೀಗದ ಕೈ ಕೆಲಸಕ್ಕೆ ಬಾರದು. ಬಚ್ಚಲಲ್ಲಿ ಜಾರಿ ಬಿದ್ದವರಿಗಾಗಿ ಬಾಗಿಲು ಒಡೆದದ್ದನ್ನು ನೋಡಿದ್ದೇನೆ. ಹೊರಗಿನಿಂದಲೂ ತೆರೆಯುವ ಬೀಗ ಹಾಕಿಸಿ. ಹಾಲಿನ ಪ್ಯಾಕೆಟ್ ಗೇಟಿನಲ್ಲೇ ನೇತಾಡುತ್ತಿದ್ದರೆ ಬೆಲ್ ಒತ್ತು ಅಂತ ಹೂವಿನವಳಿಗೆ ಹೇಳಿಡಿ. ಆಂಬುಲೆನ್ಸಿಗೆ 108, ಹಿರಿಯರ ಸಹಾಯವಾಣಿಗೆ 14567. ಗೋಡೆಯ ಮೇಲೆ ದಪ್ಪಕ್ಷರದಲ್ಲಿರಲಿ.

3. ಜನರ ಸಹವಾಸ ಬೇಡ ಅನ್ನುವವರ ಕಿವಿ ಮೊದಲು ನೋಡಿಸಿ. ಭಜನೆಗೆ ಹೋಗುವುದನ್ನು ಬಿಟ್ಟ ತಾಯಿಗೆ ಖಿನ್ನತೆ ಅಂದರು ಅಮೆರಿಕದ ಮಗ. ಅಸಲಿಗೆ, ಉಳಿದವರು ಚರಣ ಮುಗಿಸಿದ್ದು ಕೇಳಿಸದೆ ಅವರೊಬ್ಬರೇ ಹಾಡುತ್ತಿದ್ದರು, ಯಾರೋ ನಕ್ಕಿದ್ದರು. ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ತಪಾಸಣೆಯಾಯಿತು. ಕಿವಿಗೆ ಯಂತ್ರ ಬಂತು, ಬಂದದ್ದು ಬೀರು ಸೇರಿತು: ಫ್ಯಾನ್ ತಿರುಗಿದರೆ ಮಳೆ ಸುರಿದ ಹಾಗಂತೆ. ಹೊಸ ಸದ್ದಿಗೆ ಮಿದುಳು ಒಗ್ಗಲು ವಾರಗಳೇ ಬೇಕು. ದಿನಕ್ಕೆ ಅರ್ಧ ಗಂಟೆಯಿಂದ ಶುರು ಮಾಡಿಸಿದೆವು.

4. ಅನುಕೂಲ ಮಾಡಿಕೊಡುವ ಆತುರ ಬೇಡ. ಇದು ನನ್ನದೇ ತಪ್ಪು. ಪಿಂಚಣಿದಾರರು ವರ್ಷಕ್ಕೊಮ್ಮೆ ಕೊಡುವ ಜೀವನ ಪ್ರಮಾಣಪತ್ರಕ್ಕೆ ಈಗ ಮೊಬೈಲಿಗೆ ಮುಖ ತೋರಿಸಿದರೆ ಸಾಕು. ನಿವೃತ್ತ ಮೇಷ್ಟ್ರೊಬ್ಬರಿಗೆ ಐದು ನಿಮಿಷದಲ್ಲಿ ಮಾಡಿಕೊಟ್ಟು ಬೀಗಿದೆ. ಅವರ ಮುಖ ಸಪ್ಪಗಾಯಿತು. ‘ನವೆಂಬರಲ್ಲಿ ಬ್ಯಾಂಕಿಗೆ ಹೋದರೆ ಹಳಬರೆಲ್ಲ ಸಿಗೋರಮ್ಮ. ಯಾರು ಇದಾರೆ, ಯಾರು ಹೋದರು ಅಂತ ಗೊತ್ತಾಗೋದು.’ ಮರುವರ್ಷ ಇಸ್ತ್ರಿ ಅಂಗಿ ಹಾಕಿಸಿ ಆಟೋದಲ್ಲಿ ಬ್ಯಾಂಕಿಗೇ ಕರೆದೊಯ್ದೆ. ಕೆಲಸ ಹತ್ತು ನಿಮಿಷದ್ದು, ಅಲ್ಲಿಂದ ಹೊರಡಿಸುವಷ್ಟರಲ್ಲಿ ಮಧ್ಯಾಹ್ನ.

5. ವ್ಯಾಯಾಮಕ್ಕೊಂದು ಊರಿನ ಹೆಸರು ಬೇಕು. ‘ಹತ್ತು ಸಲ ಕಾಲೆತ್ತಿ’ ಅಂದರೆ ಟಿವಿ ಕಡೆ ತಿರುಗುತ್ತಿದ್ದ ಅಜ್ಜಿಯೊಬ್ಬರು, 2023ರ ಜೂನ್ 11ರಂದು ‘ಶಕ್ತಿ’ ಯೋಜನೆ ಬಂದು ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸು ಉಚಿತವಾದ ಮೇಲೆ, ‘ಸೋಮವಾರ ನಂಜನಗೂಡಿಗೆ ಹೋಗಬಹುದೇನೇ?’ ಅಂದರು. ಬಸ್ಸಿನ ಮೊದಲ ಮೆಟ್ಟಿಲನ್ನು ಟೇಪು ಹಿಡಿದು ಅಳೆದು ಬಂದೆ (ಕಂಡಕ್ಟರ್ ವಿಚಿತ್ರವಾಗಿ ನೋಡಿದ). ಅಷ್ಟೇ ಎತ್ತರದ ಮಣೆ ಮಾಡಿಸಿ ದಿನಾ ಹತ್ತಿಸಿದೆ. ಈಗ ಅವರು ಶ್ರೀಕಂಠೇಶ್ವರನ ದರ್ಶನ ಮುಗಿಸಿ, ಸಿಕ್ಕ ದಿನ ನನಗೂ ರಸಬಾಳೆ ತರುತ್ತಾರೆ. ದುಡ್ಡು ಕೊಡಲು ಹೋದರೆ, ‘ಬಸ್ ಚಾರ್ಜೇ ಇಲ್ವಲ್ಲೇ, ಇಟ್ಕೋ’ ಅನ್ನುತ್ತಾರೆ.