ತೊಗರಿ ಹೂವು, ಬಾಲ್‌ಪೆನ್ನು ಮತ್ತು ಬಿದರಿಯ ಗೆರೆ

ತರಗತಿ: 10. ವಿಷಯ: ವಿಜ್ಞಾನ. ಘಟಕ: ಜೀವಿಗಳು ಹೇಗೆ ಸಂತಾನೋತ್ಪತ್ತಿ ನಡೆಸುತ್ತವೆ? ಉಪಘಟಕ: ಹೂವಿನ ರಚನೆ. ಅವಧಿ: 40 ನಿಮಿಷ. ಸ್ಥಳ: ಕೊಹಿನೂರ ಭಾಗದ ಒಂದು ಪ್ರೌಢಶಾಲೆ.

‘ವಿದ್ಯಾರ್ಥಿಗಳು ಚಿತ್ರ ಬರೆದು ಭಾಗಗಳನ್ನು ಗುರುತಿಸುವರು’ ಎಂಬ ವಾಕ್ಯವಿಲ್ಲದ ಜೀವವಿಜ್ಞಾನದ ಪಾಠ ಯೋಜನೆ ನಮ್ಮಲ್ಲಿ ಅಪರೂಪ. ಕೌಶಲದ ಉದ್ದಿಷ್ಟದ ಎದುರು ಅದನ್ನು ಬರೆದರೆ ಆ ಕಲಂ ತುಂಬಿದಂತೆ. ಆದರೆ ವಿದ್ಯಾರ್ಥಿ ಏನನ್ನು ನೋಡಿ ಆ ಚಿತ್ರ ಬರೆಯುತ್ತಾನೆ? ಕಪ್ಪುಹಲಗೆಯ ಮೇಲೆ ನಾವು ಬರೆದದ್ದನ್ನು ನೋಡಿ. ನಾವು ಪುಸ್ತಕ ನೋಡಿ ಬರೆದಿರುತ್ತೇವೆ. ಹೂವು ಎಲ್ಲಿಯೂ ಬರುವುದಿಲ್ಲ. ಕನ್ನಡದಲ್ಲಿ ಉತ್ತರವನ್ನೂ ‘ಬರೆಯುತ್ತೇವೆ’, ಚಿತ್ರವನ್ನೂ ‘ಬರೆಯುತ್ತೇವೆ’. ಮಕ್ಕಳು ಎರಡನ್ನೂ ಬಾಯಿಪಾಠ ಮಾಡುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಈ ಪಾಠದ ಯೋಚನೆ ಬಂದದ್ದು ಬಿದರಿ ಕೆಲಸ ನೋಡಿದ ಮೇಲೆ. ಬಿ.ಇಡಿ. ಪಠ್ಯಕ್ರಮದ ‘ಶಿಕ್ಷಣದಲ್ಲಿ ನಾಟಕ ಮತ್ತು ಕಲೆ’ ಪತ್ರಿಕೆಯಲ್ಲಿ ಸ್ಥಳೀಯ ಕರಕುಶಲದ ಪರಿಚಯಕ್ಕೆ ಅವಕಾಶವಿದೆ. ಹುಮನಾಬಾದ ದಾಟಿ ಬೀದರಿಗೆ ಹೋದರೆ ಕುಸುರಿ ಕೆಲಸದ ಅಂಗಡಿಗಳಲ್ಲೇ ಇದನ್ನು ಕೂತು ನೋಡಬಹುದು. 2006ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಕಲೆ ಇದು. 2023ರಲ್ಲಿ ಬೀದರಿನ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದದ್ದು ಇದೇ ಕೆಲಸಕ್ಕೆ.

ವಿಜ್ಞಾನದವನಾದ ನನಗೆ ಮೊದಲು ಕಂಡದ್ದು ಅದರ ರಸಾಯನಶಾಸ್ತ್ರ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ, ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ದು, ಅರದಿಂದ ನುಣುಪು ಮಾಡುತ್ತಾರೆ. ಆ ಬೆಳ್ಳಗಿನ ಲೋಹದ ಮೇಲೆ ಗೆರೆ ಎಳೆದರೆ ಕಣ್ಣಿಗೆ ಕಾಣುವುದಿಲ್ಲ. ಅದಕ್ಕೆ ಮೈಲುತುತ್ತದ ದ್ರಾವಣ ಸವರುತ್ತಾರೆ. ಸತು ತಾಮ್ರವನ್ನು ಅದರ ಲವಣದಿಂದ ಹೊರದೂಡುತ್ತದೆ, ಮೇಲ್ಮೈ ತಾತ್ಕಾಲಿಕವಾಗಿ ಕಪ್ಪಾಗುತ್ತದೆ. ಹತ್ತನೆಯ ತರಗತಿಯ ಸ್ಥಾನಪಲ್ಲಟ ಕ್ರಿಯೆ ಇಲ್ಲಿ ಸ್ಲೇಟು ತಯಾರಿಸುವ ಉಪಾಯ! ಆ ಕಪ್ಪಿನ ಮೇಲೆ ಮೊನಚಾದ ಕಡ್ಡಿಯಿಂದ ಬಳ್ಳಿ, ಹೂವು, ಎಲೆಗಳನ್ನು ಕೈಯಿಂದಲೇ ಗೀರುತ್ತಾರೆ. ಗೀರಿದ ಜಾಡಿನಲ್ಲೇ ಉಳಿಯಿಂದ ಕೊರೆದು ಬೆಳ್ಳಿಯ ತಂತಿ ಕೂರಿಸಿ ಬಡಿಯುತ್ತಾರೆ. ಮತ್ತೆ ಉಜ್ಜಿದಾಗ ಕಪ್ಪು ಹೋಗಿ, ಬೆಳ್ಳಿಯೂ ಸತುವೂ ಒಂದೇ ಬಣ್ಣವಾಗಿ, ಇಷ್ಟು ಹೊತ್ತಿನ ಕೆಲಸ ಕಾಣದಂತಾಗುತ್ತದೆ. ಕೊನೆಗೆ ಬೀದರ ಕೋಟೆಯ ಮಣ್ಣು ಮತ್ತು ನವಸಾಗರ ಬೆರೆಸಿ ಕಾಯಿಸಿದ ನೀರಿನಲ್ಲಿ ಅದ್ದಿದಾಗ ಸತುವಿನ ಭಾಗ ಮಾತ್ರ ಗಾಢ ಕಪ್ಪಾಗಿ ಬೆಳ್ಳಿ ಹೊಳೆಯುತ್ತದೆ.

ನನ್ನ ಪಾಠಕ್ಕೆ ಬೇಕಾದದ್ದು ಇದರಲ್ಲಿ ಒಂದೇ ಹಂತ: ಕಡ್ಡಿಯಿಂದ ಗೀರುವುದು. ರಬ್ಬರಿನಷ್ಟು ಸುಲಭವಾಗಿ ಅಳಿಸುವ ಸಾಧನ ಅಲ್ಲಿಲ್ಲ. ಒಮ್ಮೆ ಉಳಿ ಇಳಿದರೆ ಹಿಂದೆ ಬರುವುದು ಇನ್ನೂ ಕಷ್ಟ. ಅದಕ್ಕೇ ಇರಬೇಕು, ಕೈ ಚಲಿಸುವ ಮೊದಲು ಕಣ್ಣು ಆ ಜಾಗದ ಮೇಲೆ ಬಹಳ ಹೊತ್ತು ನಿಲ್ಲುತ್ತದೆ. ಈ ಗಮನ ಅಭ್ಯಾಸದಿಂದ ಬಂದದ್ದು, ನಿಜ. ಆದರೆ ಸ್ವಲ್ಪ ಮಟ್ಟಿಗೆ ಆ ಸಾಧನವೇ ಅದನ್ನು ಕೇಳಿ ಪಡೆಯುತ್ತದೆ ಎಂದು ನನ್ನ ಅನಿಸಿಕೆ. ಹಾಗಿದ್ದರೆ ತರಗತಿಯಲ್ಲಿ ಸಾಧನ ಬದಲಿಸಿ ನೋಡಬಹುದು.

ಪಾಠೋಪಕರಣ ಎಂದರೆ ತೊಗರಿಯ ಹೂಬಿಟ್ಟ ಟೊಂಗೆಗಳು, ಗುಂಪಿಗೊಂದು ಭೂತಗನ್ನಡಿ, ಬಿಳಿ ಹಾಳೆ. ದಾಸವಾಳ ತರಬಹುದಿತ್ತು, ನೀಳಛೇದಕ್ಕೆ ಅನುಕೂಲ. ತೊಗರಿಯನ್ನೇ ಆರಿಸಿದ್ದಕ್ಕೆ ಕಾರಣ, ಅದು ಪುಸ್ತಕದ ಚಿತ್ರಕ್ಕೆ ಹೊಂದುವುದಿಲ್ಲ, ಮತ್ತು ಮಕ್ಕಳು ಹುಟ್ಟಿದಾಗಿನಿಂದ ಹೊಲದಲ್ಲಿ ಅದರ ನಡುವೆಯೇ ಓಡಾಡಿದ್ದಾರೆ.

ಮೊದಲ ಸುತ್ತಿನಲ್ಲಿ ಪೆನ್ಸಿಲ್ಲು, ರಬ್ಬರು ಎಲ್ಲವೂ ಇದ್ದವು. ಹೂವು ಕೈಯಲ್ಲಿದ್ದರೂ ಹೆಚ್ಚಿನವರು ಬರೆದದ್ದು ಪುಸ್ತಕದ ಹೂವನ್ನು: ಎರಡೂ ಬದಿ ಸಮನಾಗಿ ಅರಳಿದ ದಳಗಳು, ನಡುವೆ ನೆಟ್ಟಗೆ ಶಲಾಕೆ, ಆಚೀಚೆ ಕೇಸರ. ಬರೆದದ್ದಕ್ಕಿಂತ ಅಳಿಸಿದ್ದೇ ಹೆಚ್ಚು. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಮಾತ್ರ ಕೈ ಎತ್ತಿದಳು: “ಸರ್, ಇದು ಪುಸ್ತಕದಾಗಿನ ಹೂವಿನಂಗ ಇಲ್ರಿ. ಯಾವುದು ಬರೀಬೇಕ್ರಿ?”

ಇಡೀ ಪಾಠ ಆ ಪ್ರಶ್ನೆಯ ಮೇಲೆ ನಿಂತಿತು. ಎರಡನೆಯ ಸುತ್ತಿನಲ್ಲಿ ಪೆನ್ಸಿಲ್ಲು, ರಬ್ಬರು, ಪುಸ್ತಕ ಮೂರೂ ಚೀಲದೊಳಗೆ. ಎರಡು ನಿಮಿಷ ಬರೆಯುವಂತಿಲ್ಲ, ನೋಡುವುದಷ್ಟೇ. ಆಮೇಲೆ ಬಾಲ್‌ಪೆನ್ನಿನಿಂದ ಬರೆಯುವುದು. ಗೆರೆ ತಪ್ಪಿದರೆ ಪಕ್ಕದಲ್ಲಿ ಇನ್ನೊಂದು ಗೆರೆ, ಹಳೆಯದು ಹಾಗೇ ಇರಲಿ. ಎರಡು ನಿಮಿಷ ಸುಮ್ಮನಿರುವುದು ತರಗತಿಗೂ ನನಗೂ ಸುಲಭವಾಗಿರಲಿಲ್ಲ. ಆದರೆ ಪೆನ್ನು ಹಿಡಿದ ಕೈಗಳು ಈ ಸಲ ನಿಧಾನವಾಗಿ ಇಳಿದವು, ತಲೆಗಳು ಹೂವಿನ ಕಡೆಗೆ ಪದೇ ಪದೇ ತಿರುಗಿದವು.

ಚಿತ್ರಗಳು ಅಂದವಾಗಿರಲಿಲ್ಲ. ಅವುಗಳಲ್ಲಿ ತೊಗರಿ ಹೂವಿತ್ತು. ಹಿಂದೆ ಬಾವುಟದಂತೆ ನಿಂತ ಒಂದು ದೊಡ್ಡ ದಳ, ಬದಿಗೆ ರೆಕ್ಕೆಯಂತೆ ಎರಡು, ಒಳಗೆ ದೋಣಿಯಂತೆ ಕೂಡಿಕೊಂಡ ಎರಡು. ದೊಡ್ಡ ದಳದ ಬೆನ್ನಿನ ಕೆಂಪು ಗೆರೆಗಳನ್ನು ಒಬ್ಬ ಎಳೆದಿದ್ದ. ಹುಳು ತಿಂದ ತೂತನ್ನು ಇನ್ನೊಬ್ಬ ಬಿಟ್ಟಿರಲಿಲ್ಲ. ದೋಣಿ ಬಿಡಿಸಿ ಎಣಿಸಿದಾಗ ಹತ್ತು ಕೇಸರ: ಒಂಬತ್ತು ಬುಡದಲ್ಲಿ ಕೂಡಿಕೊಂಡಿವೆ, ಒಂದು ಬಿಡಿ. ಇದನ್ನು ನಾನು ಹೇಳಿಕೊಡಲಿಲ್ಲ. ಕೇಸರವೂ ಶಲಾಕೆಯೂ ಒಂದೇ ಮುಚ್ಚಿದ ದೋಣಿಯೊಳಗಿದ್ದರೆ ಪರಾಗ ಹೊರಗಿನಿಂದ ಬರಬೇಕೇ ಎಂದು ಒಂದು ಗುಂಪು ಕೇಳಿತು. ಸ್ವಕೀಯ ಪರಾಗಸ್ಪರ್ಶದ ವಿವರಣೆ ಅಲ್ಲಿಂದಲೇ ಶುರುವಾಯಿತು.

ವೀಕ್ಷಕರ ಆಕ್ಷೇಪ ನ್ಯಾಯವಾದದ್ದೇ. ವಾರ್ಷಿಕ ಪರೀಕ್ಷೆಯಲ್ಲಿ ಕೇಳುವುದು ಪುಸ್ತಕದ ನೀಳಛೇದ ಚಿತ್ರ, ಅದೂ ಅಂದವಾಗಿ. ತೊಗರಿ ಹೂವು ಬರೆದವನಿಗೆ ಅಂಕ ಯಾರು ಕೊಡುತ್ತಾರೆ? ನನ್ನ ಉತ್ತರ ಇಷ್ಟು: ಪುಸ್ತಕದ ಚಿತ್ರವನ್ನು ಬಿಡುವ ಪ್ರಶ್ನೆಯಿಲ್ಲ, ಅದು ಎರಡನೆಯದಾಗಿ ಬರಲಿ. ಕೊನೆಯ ಹತ್ತು ನಿಮಿಷ ಪುಸ್ತಕ ತೆರೆದು ಎರಡನ್ನೂ ಪಕ್ಕದಲ್ಲಿಟ್ಟೆವು. ಅನೇಕ ಹೂಗಳಿಗೆ ಸಾಮಾನ್ಯವಾದದ್ದನ್ನು ಹೆಕ್ಕಿ ಬರೆದ ನಕ್ಷೆ ಅದು ಎಂಬುದು ಆಗ ಮಕ್ಕಳಿಗೆ ತಿಳಿಯಿತು. ಮನೆಗೆಲಸಕ್ಕೆ ಆ ಚಿತ್ರವನ್ನೇ ಪೆನ್ಸಿಲ್ಲಿನಿಂದ ಬರೆಸಿದೆ.

ಇನ್ನೊಂದು ಮಾತು ಬಂತು: ಇದು ಚಿತ್ರಕಲಾ ಶಿಕ್ಷಕರ ಕೆಲಸವಲ್ಲವೇ ಎಂದು. ಹುಡುಗನಾಗಿದ್ದಾಗ ಚಿತ್ರಕಾರನಾಗಬೇಕೆಂದಿದ್ದ ಸ್ಪೇನಿನ ಸಾಂಟಿಯಾಗೊ ರಮೋನ್ ಇ ಕಹಾಲ್ 1906ರಲ್ಲಿ ನೊಬೆಲ್ ಪಡೆದದ್ದು ನರಮಂಡಲದ ರಚನೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಶಾಯಿಯಲ್ಲಿ ಚಿತ್ರಿಸುತ್ತ ಮಾಡಿದ ಸಂಶೋಧನೆಗೆ. ನಮ್ಮ ಇಲಾಖೆಗಳ ಗೋಡೆ ಅವರಿಗೆ ಗೊತ್ತಿರಲಿಲ್ಲ.

ಪೆನ್ನು ಎಲ್ಲ ಪಾಠಕ್ಕೂ ಸಲ್ಲದು. ಬೆಳಕಿನ ಕಿರಣಚಿತ್ರಕ್ಕೆ ಅಳತೆಪಟ್ಟಿ, ಚೂಪಾದ ಪೆನ್ಸಿಲ್ಲು, ರಬ್ಬರು ಬೇಕೇ ಬೇಕು.

ಮುಂದಿನ ವರ್ಷ ಇದನ್ನು ತೆಗೆದುಕೊಳ್ಳುವ ಪ್ರಶಿಕ್ಷಣಾರ್ಥಿಗಳಿಗೆ: ಬಿಡಿ ಹೂವು ತರಬೇಡಿ, ಮೂರನೆಯ ಅವಧಿಗೆ ಬಾಡಿರುತ್ತದೆ, ಟೊಂಗೆಯನ್ನೇ ಒದ್ದೆ ಬಟ್ಟೆಯಲ್ಲಿ ಸುತ್ತಿ ತನ್ನಿ. ದೋಣಿದಳ ಬಿಡಿಸಲು ಉಗುರಿಗಿಂತ ಗುಂಡುಸೂಜಿ ಒಳ್ಳೆಯದು. ಎಳ್ಳಮಾವಾಸ್ಯೆ ಹೊತ್ತಿಗೆ ತೊಗರಿ ಕಾಯಿಗೆ ತಿರುಗಿರುತ್ತದೆ, ಅದಕ್ಕೆ ಮೊದಲೇ ಪಾಠ ಇಟ್ಟುಕೊಳ್ಳಿ. ತಡವಾದರೆ ಕಡಲೆ ಹೂವೂ ಇದೇ ಜಾತಿಯದು, ಆದರೆ ಅದು ತೀರ ಚಿಕ್ಕದು. ಭೂತಗನ್ನಡಿ ಗುಂಪಿಗೊಂದು ಸಾಲದು.