ಸಮಭಾಷಾ ಅಡಿಬರಹ ಮತ್ತು ಸಾಕ್ಷರತೆ

ಟಿವಿಯಲ್ಲಿ ಹಾಡು ಬರುವಾಗ ಅದರ ಸಾಹಿತ್ಯವನ್ನು ಅದೇ ಭಾಷೆಯಲ್ಲಿ ಪರದೆಯ ಕೆಳಗೆ ತೋರಿಸುವ ಕ್ರಮವೇ ಸಮಭಾಷಾ ಅಡಿಬರಹ. 1996ರಲ್ಲಿ ಅಹಮದಾಬಾದಿನ ಐಐಎಂನಲ್ಲಿ ಬ್ರಿಜ್ ಕೊಠಾರಿ ಇದನ್ನು ರೂಪಿಸಿದರು. ಮುಂದೆ ಪ್ಲಾನೆಟ್‌ರೀಡ್ ಸಂಸ್ಥೆಯ ಮೂಲಕ ಬೆಳೆಸಿದರು. ದೂರದರ್ಶನದ ‘ಚಿತ್ರಹಾರ್’, ‘ರಂಗೋಲಿ’ ಕಾರ್ಯಕ್ರಮಗಳಲ್ಲಿ ಇದು ಬಳಕೆಗೆ ಬಂತು. ಗಾಯಕರು ಹಾಡುತ್ತಿದ್ದಂತೆ ಆಯಾ ಪದದ ಬಣ್ಣ ಬದಲಾಗುತ್ತದೆ. ಪಲ್ಲವಿ ಮೊದಲೇ ಬಾಯಿಪಾಠವಾಗಿರುವುದರಿಂದ ಮುಂದಿನ ಪದ ಯಾವುದೆಂದು ನೋಡುಗರಿಗೆ ಗೊತ್ತಿರುತ್ತದೆ; ಕಣ್ಣು ತಾನಾಗಿಯೇ ದನಿಗೆ ಅಕ್ಷರವನ್ನು ಹೊಂದಿಸಿಕೊಳ್ಳುತ್ತದೆ. ಪಲ್ಲವಿ ಮರಳಿ ಬಂದಾಗಲೆಲ್ಲ ಮತ್ತೊಮ್ಮೆ ಓದು.

ಜನಗಣತಿಯ ಪ್ರಕಾರ ಅರ್ಥ ಮಾಡಿಕೊಂಡು ಓದಬರೆಯಬಲ್ಲ, 7 ವರ್ಷ ತುಂಬಿದ ವ್ಯಕ್ತಿ ಸಾಕ್ಷರ. 2011ರಲ್ಲಿ ಕರ್ನಾಟಕದ ಸಾಕ್ಷರತೆ ಶೇ 75.36. ಈ ಲೆಕ್ಕಕ್ಕೆ ಸೇರಿಯೂ ತಡವರಿಸಿ ಓದುವವರೇ ಅಡಿಬರಹದ ಮುಖ್ಯ ಗುರಿ. ಅಕ್ಷರವನ್ನೇ ಅರಿಯದವರಿಗೆ ಇದರ ಪ್ರಯೋಜನ ಕಡಿಮೆ. ಅವರಿಗೆ ಕಲಿಸುವವರು ಬೇಕು.